ಬ್ರೇಕ್ ಒತ್ತಿದಾಗ ಕರಕರ ಸದ್ದು: ಏಳು ತಿಂಗಳ ಹಿಂದೆ ಪ್ಯಾಡ್ ಬದಲಿಸಿದ ಗಾಡಿಯಲ್ಲಿ ಮತ್ತೇಕೆ?

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ಆಸನಗಳ ಡೀಸೆಲ್ ಎಸ್‌ಯುವಿ ಇದೆ. ಆರು ವರ್ಷ ಹಳೆಯದು, 78,000 ಕಿಲೋಮೀಟರ್ ಓಡಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ಪ್ಯಾಡ್‌ಗಳು ಒತ್ತಿಹಿಡಿಯುವ ಬಗೆ), ಹಿಂದಿನವಕ್ಕೆ ಡ್ರಮ್. ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು, ಕೊಯ್ಲಿನ ದಿನಗಳಲ್ಲಿ ಹಿಂದಿನ ಸೀಟು ಮಡಚಿ ಹದಿನೈದು ಕ್ರೇಟ್ ದ್ರಾಕ್ಷಿ ಸಾಗಿಸುವವರೆಗೆ ಎಲ್ಲಕ್ಕೂ ಅದೊಂದೇ ಗಾಡಿ.

ಹತ್ತು ದಿನಗಳಿಂದ ಮುಂಭಾಗದಲ್ಲಿ, ಹೆಚ್ಚಾಗಿ ಎಡಗಡೆಯಿಂದ, ರಾಗಿ ಬೀಸುವ ಕಲ್ಲನ್ನು ಬರಿದೇ ತಿರುಗಿಸಿದಂಥ ಸದ್ದು ಬರುತ್ತಿದೆ. ಬ್ರೇಕ್ ಒತ್ತಿದಾಗ ಸದ್ದು ಜೋರಾಗುತ್ತದೆ, ಆದರೆ ಒತ್ತದಿದ್ದಾಗಲೂ ಒಮ್ಮೊಮ್ಮೆ ಸಣ್ಣಗೆ ಕೆರೆಯುವ ಸದ್ದು ಕೇಳಿಸುತ್ತದೆ. ಏಳು ತಿಂಗಳ ಹಿಂದೆ ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಮುಂದಿನ ಪ್ಯಾಡ್‌ಗಳನ್ನು ಬದಲಿಸಿದ್ದೆವು. ಅಲ್ಲಿಂದ ಈಚೆಗೆ 11,000 ಕಿಲೋಮೀಟರ್ ಮಾತ್ರ ಓಡಿದೆ. ಹಾಗಾಗಿ ಪ್ಯಾಡ್ ಮುಗಿದಿರಲಾರದು ಎಂಬುದು ನನ್ನ ಲೆಕ್ಕ. ಅದೇ ಗ್ಯಾರೇಜಿಗೆ ಫೋನ್ ಮಾಡಿದಾಗ, ಧೂಳು ಕುಳಿತಿರಬಹುದು, ನೀರು ಹೊಡೆಸಿ, ಸರಿಹೋಗುತ್ತದೆ ಎಂದರು. ನೀರು ಹೊಡೆಸಿದೆ, ಸರಿಹೋಗಲಿಲ್ಲ. ಮುಂದಿನ ವಾರ ವಯಸ್ಸಾದ ತಾಯಿಯವರನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವ ಯೋಚನೆಯಿದೆ. ಏನನ್ನು ನೋಡಬೇಕು, ಎಲ್ಲಿಂದ ಆರಂಭಿಸಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ಬಸ್ಸುಗಳ ಬ್ರೇಕ್ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಕಾರುಗಳ ಕೆಲಸವನ್ನು ನಿವೃತ್ತಿಯ ನಂತರ ಮನೆಯ ಮುಂದೆಯೇ ಕಲಿತೆ. ನಿಮ್ಮ ಬರಹದಲ್ಲಿ ಎರಡು ಸದ್ದುಗಳಿವೆ, ನೀವು ಒಂದೆಂದು ತಿಳಿದಿದ್ದೀರಿ. ಬ್ರೇಕ್ ಒತ್ತಿದಾಗ ಬರುವುದು ಬೇರೆ, ಒತ್ತದೆ ಇದ್ದಾಗ ಕೆರೆಯುವುದು ಬೇರೆ ಇರಬಹುದು. ಎರಡಕ್ಕೂ ಒಂದೇ ಕಾರಣ ಇರಲೇಬೇಕೆಂದೇನೂ ಇಲ್ಲ.

ಚಕ್ರ ಬಿಚ್ಚುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಿ ಹೇಳಿ. ಜನರಿಲ್ಲದ ಸಮತಟ್ಟಾದ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುತ್ತ ಕಿಟಕಿ ಇಳಿಸಿ, ಪೆಡಲಿನ ಮೇಲೆ ಕಾಲಿಡದೆ ಕೇಳಿ. ನಂತರ ಮೆಲ್ಲಗೆ ಒತ್ತಿ ಕೇಳಿ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹಾದುಹೋದರೆ ಸದ್ದು ಗೋಡೆಗೆ ಬಡಿದು ಮರಳುವುದರಿಂದ ಯಾವ ಬದಿಯದೆಂದು ಬೇಗ ತಿಳಿಯುತ್ತದೆ. ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಹೊರಳಿಸಿದಾಗ ಸದ್ದು ಏರಿಳಿಯುವುದಾದರೆ, ಮತ್ತು ಅದು ಗುಂಯ್‌ಗುಡುವಂತಿದ್ದರೆ, ಚಕ್ರದ ಬೇರಿಂಗನ್ನೂ ಸಂದೇಹಿಸಬೇಕಾಗುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಎಂಬುದೂ ಬೇಕು.

ಕೊನೆಯದಾಗಿ ಒಂದು ಪ್ರಶ್ನೆ, ಇದಕ್ಕೆ ನೆನಪಿಸಿಕೊಂಡು ಉತ್ತರಿಸಿ: ಈ ಏಳು ತಿಂಗಳಲ್ಲಿ ಬ್ರೇಕ್ ಎಣ್ಣೆಯ ಡಬ್ಬಿಗೆ ಯಾರಾದರೂ ಎಣ್ಣೆ ಸುರಿದಿದ್ದಾರೆಯೇ?

ಜಲ್ಲಿ ರಸ್ತೆಯ ಪ್ರಯಾಣಿಕ, ಶಿಡ್ಲಘಟ್ಟ

ಒತ್ತದಿದ್ದಾಗ ಕೆರೆಯುವ ಸದ್ದಿನ ಬಗ್ಗೆ ಮಾತ್ರ ನನ್ನ ಅನುಭವ ಹೇಳುತ್ತೇನೆ. ನಮ್ಮ ಭಾಗದಲ್ಲಿ ಕಲ್ಲುಕ್ವಾರಿಗಳಿಗೂ ಕ್ರಷರ್‌ಗಳಿಗೂ ಕೊರತೆಯಿಲ್ಲ, ಟಿಪ್ಪರ್‌ಗಳಿಂದ ಉದುರಿದ ಜಲ್ಲಿಗೂ ಕೊರತೆಯಿಲ್ಲ. ಡಿಸ್ಕಿನ ಒಳಮಗ್ಗುಲಲ್ಲಿ ಧೂಳು, ನೀರು ತಡೆಯಲು ತೆಳುವಾದ ತಗಡಿನ ತಟ್ಟೆಯೊಂದು ಇರುತ್ತದೆ. ಅದಕ್ಕೂ ಡಿಸ್ಕಿಗೂ ನಡುವೆ ಬೆರಳು ತೂರದಷ್ಟು ಸಂದಿ. ಅಲ್ಲಿ ಬಟಾಣಿ ಗಾತ್ರದ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೆ ಸಾಕು, ಇಡೀ ಗಾಡಿ ಕಳಚಿ ಬೀಳುತ್ತದೆಯೇನೋ ಎಂಬಂಥ ಸದ್ದು ಬರುತ್ತದೆ. ರೇಷ್ಮೆಗೂಡು ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನಗೆ ಹೀಗಾದಾಗ, ಸ್ವಲ್ಪ ದೂರ ಹಿಂದಕ್ಕೆ ಚಲಿಸಿದ ಕೂಡಲೇ ಕಲ್ಲು ತಾನೇ ಉದುರಿಹೋಯಿತು. ಉದುರದಿದ್ದರೆ ಚಕ್ರ ಬಿಚ್ಚಿ, ತಗಡನ್ನು ಕೈಯಿಂದ ಸ್ವಲ್ಪವೇ ಹಿಂದಕ್ಕೆ ಬಾಗಿಸಿ ತೆಗೆಯಬಹುದು. ಗಾಡಿ ಬಿಸಿಯಾಗಿದ್ದಾಗ ಮಾತ್ರ ಕೈ ಹಾಕಬೇಡಿ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಶಿಡ್ಲಘಟ್ಟದವರು ಹೇಳಿದಂತೆ ಹಿತ್ತಲಿನಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿದೆ. ಟಣ್ ಎಂದು ಒಂದು ಸದ್ದಾಯಿತು. ಇಳಿದು ನೋಡಿದರೆ ಒಂದು ಬದಿ ನುಣ್ಣಗೆ ಸವೆದ ಜಲ್ಲಿಚೂರು ಬಿದ್ದಿತ್ತು. ಅಲ್ಲಿಗೆ ಒತ್ತದಿದ್ದಾಗ ಕೆರೆಯುತ್ತಿದ್ದ ಸದ್ದು ನಿಂತಿತು. ಸಮಸ್ಯೆ ಮುಗಿಯಿತೆಂದು ಸಂತೋಷಪಟ್ಟು ಹೆದ್ದಾರಿಯ ಸರ್ವೀಸ್ ರಸ್ತೆಗೆ ಹೋದೆ. ಬ್ರೇಕ್ ಒತ್ತಿದಾಗಿನ ಕರಕರ ಹಾಗೆಯೇ ಇದೆ. ಪೆಡಲಿನ ಕೆಳಗೆ ಪಾದಕ್ಕೂ ಒರಟಾದ ನಡುಕ ತಾಗುತ್ತದೆ. ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಸ್ಟಿಯರಿಂಗ್ ಹೊರಳಿಸಿದಾಗ ಸದ್ದಿನಲ್ಲಿ ವ್ಯತ್ಯಾಸವಿಲ್ಲ.

ಎಣ್ಣೆಯ ಬಗ್ಗೆ ಕೇಳಿದ್ದಿರಿ. ಎರಡು ತಿಂಗಳ ಹಿಂದೆ ಮೀಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತ್ತು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ದರೂ ಆರುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಎಣ್ಣೆ ಕಡಿಮೆಯಾಗಿದೆ ಎಂದು ಹೇಳಿ ಗೆರೆಯವರೆಗೆ ತುಂಬಿಸಿದರು, ದೀಪ ಆರಿತು. ಇದಕ್ಕೂ ಸದ್ದಿಗೂ ಸಂಬಂಧವಿದೆಯೇ?

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ಸಂಬಂಧವಿದೆ, ಅದಕ್ಕಾಗಿಯೇ ಕೇಳಿದೆ. ಬ್ರೇಕ್ ಎಣ್ಣೆ ಎಂಜಿನ್ ಎಣ್ಣೆಯಂತೆ ಉರಿದು ಹೋಗುವುದಿಲ್ಲ. ಡಬ್ಬಿಯಲ್ಲಿ ಕಡಿಮೆಯಾದರೆ ಅದು ಎಲ್ಲಿಗೋ ಹೋಗಿರಲೇಬೇಕು: ಒಂದೋ ಹೊರಗೆ ಸೋರಿರಬೇಕು, ಇಲ್ಲವೇ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನಿನ ಬೆನ್ನ ಹಿಂದೆ ನಿಂತಿರಬೇಕು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದು ಬಿಟ್ಟುಬಂದ ಜಾಗವನ್ನು ತುಂಬಲು ಡಬ್ಬಿಯಿಂದ ಎಣ್ಣೆ ಇಳಿಯುತ್ತದೆ. ಆ ಕೆಂಪು ದೀಪವೇ ನಿಮಗೆ ಪ್ಯಾಡ್ ಮುಗಿಯುತ್ತಿದೆ ಎಂದು ಹೇಳುತ್ತಿತ್ತು. ಅಂಗಡಿಯವರು ಎಣ್ಣೆ ಸುರಿದು ಅದರ ಬಾಯಿ ಮುಚ್ಚಿಸಿದರು. ಎಣ್ಣೆ ತುಂಬಿಸುವುದು ತಪ್ಪಲ್ಲ, ಏಕೆ ಇಳಿಯಿತೆಂದು ನೋಡದೆ ತುಂಬಿಸಿದ್ದು ತಪ್ಪು.

ಗಾಡಿ ಬಲಕ್ಕೆ ಎಳೆಯುತ್ತದೆ ಎಂದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿದೆ, ಎಡಗಡೆಯದು ಹಿಡಿಯುತ್ತಿಲ್ಲ. ಸದ್ದು ಎಡಗಡೆಯದೇ. ನನ್ನ ಊಹೆ ಹೇಳಬಲ್ಲೆ, ಆದರೆ ನೀವು ಕಣ್ಣಾರೆ ಕಂಡ ಮೇಲೆಯೇ ಹೇಳುವುದು ಒಳ್ಳೆಯದು. ಎಡ ಮುಂಚಕ್ರ ಬಿಚ್ಚಿಸಿ. ಹೊರಗಿನ ಪ್ಯಾಡ್ ನೋಡಿ ತೃಪ್ತರಾಗಬೇಡಿ, ಒಳಗಿನದನ್ನು ನೋಡಿ.

ನಂದಿ ದಾರಿಯ ಟ್ಯಾಕ್ಸಿ ಚಾಲಕ, ಚಿಕ್ಕಬಳ್ಳಾಪುರ

ದಯವಿಟ್ಟು ಈ ಸ್ಥಿತಿಯಲ್ಲಿ ನಂದಿಬೆಟ್ಟ ಹತ್ತಬೇಡಿ. ಹತ್ತುವುದಕ್ಕೆ ಎಂಜಿನ್ ಸಾಕು, ಇಳಿಯುವಾಗಲೇ ಬ್ರೇಕ್ ಪರೀಕ್ಷೆ. ವಾರಾಂತ್ಯದ ಮುಂಜಾನೆಗಳಲ್ಲಿ ಗಾಡಿಗಳ ಸಾಲಿನ ಹಿಂದೆ ಇಳಿಯುವಾಗ ತಿರುವು ತಿರುವಿಗೂ ಕಾಲು ಪೆಡಲಿನ ಮೇಲೆಯೇ ಇರುತ್ತದೆ, ಬುಡಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುವ ಗಾಡಿಗಳನ್ನು ನಾನು ಪ್ರತಿ ಭಾನುವಾರ ನೋಡುತ್ತೇನೆ. ಚೆನ್ನಾಗಿರುವ ಬ್ರೇಕಿನಲ್ಲಿಯೂ ಎರಡನೆಯ ಗೇರಿನಲ್ಲಿ ಇಳಿಯಬೇಕು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಬಿಡಬೇಕು. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುತ್ತೇನೆ ಎನ್ನುವವರಿಗೆ ಏನು ಹೇಳುವುದೋ ತಿಳಿಯದು. ಇಂದಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ಕತ್ತರಿಸುತ್ತವೆ, ಉಳಿತಾಯ ಇರುವುದು ಗೇರಿನಲ್ಲಿಯೇ.

ಯಂತ್ರಶಾಸ್ತ್ರದ ಮೇಷ್ಟರು, ತುಮಕೂರು

ಟ್ಯಾಕ್ಸಿ ಚಾಲಕರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಬೆಟ್ಟ ಇಳಿಯುವಾಗ ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂದು ಬಹಳ ಮಂದಿಗೆ ಅಂದಾಜಿಲ್ಲ. ಜನರನ್ನು ತುಂಬಿಕೊಂಡ ಇಂಥ ಗಾಡಿಯ ತೂಕ ಸುಮಾರು 2,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಹತ್ತಿರ ಹತ್ತಿರ 5 ಲಕ್ಷ ಜೌಲ್ ಶಕ್ತಿ ಶಾಖವಾಗಿ ಬದಲಾಗಬೇಕು. ಅದೇ ಗಾಡಿ 400 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 78 ಲಕ್ಷ ಜೌಲ್. ಎಂಜಿನ್ನಿನ ನೆರವಿಲ್ಲದೆ ಬರೀ ಬ್ರೇಕಿನಿಂದ ಇಳಿದರೆ, 80 ಕಿ.ಮೀ. ವೇಗದಿಂದ ಹದಿನಾರು ಬಾರಿ ಗಾಡಿಯನ್ನು ನಿಲ್ಲಿಸಿದಷ್ಟು ಶಾಖ ಕೆಲವೇ ನಿಮಿಷಗಳಲ್ಲಿ ಡಿಸ್ಕ್ ಮತ್ತು ಡ್ರಮ್‌ಗಳಿಗೆ ಸೇರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಇದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕ್‌ಗಳದ್ದೇ. ನಿಮ್ಮ ಗಾಡಿಯಲ್ಲಿ ಆ ಎರಡರಲ್ಲಿ ಒಂದು ಈಗಾಗಲೇ ರಜೆಯ ಮೇಲಿದೆ.

ಎಣ್ಣೆಯ ವಿಷಯವೂ ಇಲ್ಲಿಯೇ ಬರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಸೇರಿದ ಎಣ್ಣೆಗೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಉಂಟಾಗುವ ಆವಿಯ ಗುಳ್ಳೆಗಳು ಒತ್ತಡಕ್ಕೆ ಕುಗ್ಗುತ್ತವೆ, ಎಣ್ಣೆ ಕುಗ್ಗುವುದಿಲ್ಲ. ಹಾಗಾಗಿ ಪೆಡಲ್ ನೆಲಕ್ಕೆ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಆರು ವರ್ಷಗಳಲ್ಲಿ ನಿಮ್ಮ ಎಣ್ಣೆಯನ್ನು ಪೂರ್ತಿ ಬದಲಿಸಿದ್ದಾರೆಯೇ, ಬರೀ ಮೇಲೆ ಸುರಿದಿದ್ದಾರೆಯೇ ಎಂದು ವಿಚಾರಿಸಿ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ನಂದಿಬೆಟ್ಟದ ಯೋಚನೆ ಕೈಬಿಟ್ಟೆ. ತಾಯಿಯವರಿಗೆ ಕೋಪ ಬಂದಿದೆ, ಇರಲಿ.

ಹೊಸ ಗ್ಯಾರೇಜೊಂದರಲ್ಲಿ ನನ್ನ ಎದುರಿನಲ್ಲಿಯೇ ಎಡ ಮುಂಚಕ್ರವನ್ನು ಬಿಚ್ಚಿಸಿದೆ. ಹೊರಗಿನ ಪ್ಯಾಡ್ ನೋಡಿ ನಾನು, ಇದು ಚೆನ್ನಾಗಿದೆಯಲ್ಲ ಎಂದುಬಿಟ್ಟೆ. ಅದರಲ್ಲಿ 7 ಮಿ.ಮೀ. ಪದಾರ್ಥ ಉಳಿದಿತ್ತು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಎತ್ತಿ ಒಳಗಿನದನ್ನು ಹೊರತೆಗೆದಾಗ ಮಾತೇ ಹೊರಡಲಿಲ್ಲ. ಪ್ಯಾಡಿನ ಪದಾರ್ಥ ಪೂರ್ತಿ ಹೋಗಿ, ಅದನ್ನು ಅಂಟಿಸಿದ್ದ ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಉಜ್ಜುತ್ತಿತ್ತು. ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು; ಹೊರಮೈ ಕನ್ನಡಿಯಂತಿದೆ. ಬಲಗಡೆಯ ಪ್ಯಾಡ್‌ಗಳಲ್ಲಿ ಒಳಗಿನದು 6, ಹೊರಗಿನದು 6.5 ಮಿ.ಮೀ. ಇದೆ. ಹೊಸದಾಗಿ ಹಾಕಿದಾಗ 11 ಇದ್ದಿರಬೇಕೆಂದು ಇವರು ಹೇಳಿದರು.

ನನಗೆ ಅರ್ಥವಾಗದ ಸಂಗತಿ ಇದು: ನಾಲ್ಕು ಪ್ಯಾಡ್‌ಗಳನ್ನು ಒಂದೇ ದಿನ ಹಾಕಿದ್ದು, ಒಂದೇ ಡಬ್ಬಿಯಿಂದ ತೆಗೆದದ್ದು, ಒಂದೇ ರಸ್ತೆಯಲ್ಲಿ ಓಡಿದ್ದು. ಮೂರು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗ ಒಂದು ಮಾತ್ರ ಹೀಗೇಕೆ ಸತ್ತಿತು? ಮತ್ತೊಂದು, ಪ್ಯಾಡ್ ಮುಗಿಯುವ ಮೊದಲು ಕೀಚ್ ಎಂದು ಎಚ್ಚರಿಸುವ ತಗಡು ಇರುತ್ತದೆ ಎನ್ನುತ್ತಾರಲ್ಲ, ಅದೇಕೆ ಕೂಗಲಿಲ್ಲ?

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ಆ ತಗಡಿನ ನಾಲಗೆ ಪ್ಯಾಡಿನ ತಟ್ಟೆಗೆ ಅಂಟಿಕೊಂಡಿರುತ್ತದೆ, ಪದಾರ್ಥ ಎರಡು ಮೂರು ಮಿ.ಮೀ.ಗೆ ಇಳಿದಾಗ ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಅಗ್ಗದ ಪ್ಯಾಡ್‌ಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ. ನಿಮ್ಮ ಹಳೆಯ ಪ್ಯಾಡನ್ನು ತಿರುಗಿಸಿ ನೋಡಿ, ನಾಲಗೆ ಇರಲಾರದು.

ಇನ್ನು ಒಂದೇ ಪ್ಯಾಡ್ ಏಕೆ ಸತ್ತಿತು ಎಂಬುದು. ಈ ಪ್ರಶ್ನೆಯನ್ನು ಕೇಳದೆ ಹೊಸ ಪ್ಯಾಡ್ ಹಾಕಿಸಿಕೊಂಡು ಹೋಗುವವರೇ ಹೆಚ್ಚು, ಹಾಗಾಗಿಯೇ ಅವರು ವರ್ಷಕ್ಕೆ ಎರಡು ಸಲ ಮರಳಿ ಬರುತ್ತಾರೆ. ನಿಮ್ಮ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಪ್ರತಿಯಾಗಿ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಮುಖವಾಗಿ ಸರಿದು ಹೊರಪ್ಯಾಡನ್ನು ತನ್ನ ಜೊತೆ ಎಳೆದು ತರುತ್ತದೆ. ಇಕ್ಕಳದ ಒಂದು ಕೈ ಒತ್ತಿದರೆ ಇನ್ನೊಂದು ತಾನಾಗಿ ಬಂದು ಕಚ್ಚುವ ಹಾಗೆ. ಈಗ ಆ ಪಿನ್‌ಗಳಲ್ಲಿ ಒಂದು ತುಕ್ಕು ಹಿಡಿದು ಬಿಗಿದುಕೊಂಡಿತೆನ್ನಿ. ಕ್ಯಾಲಿಪರ್ ಸರಿಯುವುದಿಲ್ಲ. ಪಿಸ್ಟನ್ ತಳ್ಳಿದಷ್ಟೂ ಭಾರವೆಲ್ಲ ಒಳಪ್ಯಾಡಿನ ಮೇಲೆ. ಹೊರಪ್ಯಾಡ್ ಬರೀ ಹಾಜರಿ ಹಾಕಿ ಸಂಬಳ ಪಡೆಯುತ್ತದೆ.

ಪಿಸ್ಟನ್ನೇ ಹಿಂದಕ್ಕೆ ಸರಿಯದೆ ಹಿಡಿದುಕೊಂಡರೂ ಒಳಪ್ಯಾಡ್ ಬೇಗ ಮುಗಿಯುತ್ತದೆ, ಆದ್ದರಿಂದ ಎರಡನ್ನೂ ಪರೀಕ್ಷಿಸಬೇಕು. ಪಿನ್‌ಗಳನ್ನು ಕೈಬೆರಳಿನಿಂದ ಎಳೆದು ತಳ್ಳಿ ನೋಡಿ. ಬೆಣ್ಣೆಯಲ್ಲಿ ಚಾಕು ಸರಿದಂತೆ ಸರಿಯಬೇಕು. ನಂತರ ಪಿಸ್ಟನ್ನನ್ನು ಸಿ ಕ್ಲ್ಯಾಂಪ್ ಎಂಬ ತಿರುಪಿನ ಹಿಡಿಕೆಯಿಂದ ನಿಧಾನವಾಗಿ ಒಳಕ್ಕೆ ತಳ್ಳಿಸಿ. ಎಲ್ಲಿಯೂ ಸಿಕ್ಕಿಕೊಳ್ಳದೆ ಹೋಗಬೇಕು, ಅದರ ಸುತ್ತಲಿನ ರಬ್ಬರ್ ಹರಿದಿರಬಾರದು. ಎಚ್ಚರ, ನೀವು ಡಬ್ಬಿಗೆ ಎಣ್ಣೆ ತುಂಬಿಸಿಕೊಂಡಿದ್ದೀರಿ. ಪಿಸ್ಟನ್ ಒಳಗೆ ಹೋದಾಗ ಆ ಎಣ್ಣೆ ಮೇಲಕ್ಕೆ ಬಂದು ಉಕ್ಕುತ್ತದೆ, ಬಿದ್ದ ಕಡೆ ಬಣ್ಣವನ್ನು ತಿನ್ನುತ್ತದೆ. ಮೊದಲೇ ಸ್ವಲ್ಪ ತೆಗೆಸಿಡಿ. ಕ್ಯಾಲಿಪರನ್ನು ಎಣ್ಣೆಯ ಪೈಪಿನಿಂದ ಜೋತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಲು ಹೇಳಿ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ತಾವು ಕೋಲಾರದಲ್ಲಿ ಕುಳಿತು ನಮ್ಮ ಗಾಡಿಯ ಒಳಗನ್ನು ನೋಡಿದಂತಿದೆ. ನಾಲಗೆ ಇಲ್ಲ. ಮೇಲಿನ ಪಿನ್ ಸರಾಗವಾಗಿದೆ, ಕೆಳಗಿನ ಪಿನ್ ಅಲುಗಾಡಲಿಲ್ಲ. ಸುತ್ತಿಗೆಯಿಂದ ತಟ್ಟಿ, ಹಿಡಿಯಿಂದ ತಿರುಚಿ ಹೊರತೆಗೆದಾಗ ಕಂದು ತುಕ್ಕಿನ ಪುಡಿಯ ಜೊತೆಗೆ ಒಣಗಿ ಗಟ್ಟಿಯಾದ ಕಪ್ಪು ಗ್ರೀಸ್ ಬಂತು. ಅದರ ರಬ್ಬರ್ ಬೂಟು ಹರಿದಿತ್ತು, ಪಿನ್ನಿನ ತುದಿಯ ರಬ್ಬರ್ ಬುಷ್ ಊದಿಕೊಂಡಿತ್ತು. ಪಿಸ್ಟನ್ ಮಾತ್ರ ಚೆನ್ನಾಗಿದೆ, ತೊಂದರೆಯಿಲ್ಲದೆ ಒಳಗೆ ಹೋಯಿತು.

ಇದನ್ನು ನೋಡಿದ ಮೇಲೆ ಹಿಂದಿನ ಗ್ಯಾರೇಜಿಗೆ ಹೋಗಿ ವಿಚಾರಿಸಿದೆ. ಪ್ಯಾಡ್ ಬದಲಿಸುವಾಗ ಪಿನ್‌ಗಳನ್ನು ತೆಗೆದಿರಲಿಲ್ಲವಂತೆ, ಮೇಲಿನಿಂದಲೇ ಬೇರಿಂಗ್ ಗ್ರೀಸ್ ಸವರಿದ್ದರಂತೆ. ಹಳೆಯ ಪ್ಯಾಡ್‌ಗಳನ್ನು ತೋರಿಸಿ ಎಂದರೆ ಅಂದೇ ಗುಜರಿಗೆ ಹೋದವು ಎಂದರು. ಆಗಲೂ ಎಡಗಡೆಯ ಒಳಪ್ಯಾಡೇ ಹೆಚ್ಚು ಸವೆದಿತ್ತೋ ಏನೋ, ಈಗ ಯಾರು ಹೇಳಬೇಕು?

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ಬುಷ್ ಊದಿಕೊಂಡದ್ದು ಆ ಬೇರಿಂಗ್ ಗ್ರೀಸಿನಿಂದಲೇ. ಬ್ರೇಕಿನ ರಬ್ಬರ್ ಭಾಗಗಳಿಗೆ ಪೆಟ್ರೋಲಿಯಂ ಮೂಲದ ಗ್ರೀಸ್ ಆಗಿಬರುವುದಿಲ್ಲ, ಅವು ಅದನ್ನು ಕುಡಿದು ಉಬ್ಬುತ್ತವೆ. ಸಿಲಿಕೋನ್ ಮೂಲದ ಬ್ರೇಕ್ ಗ್ರೀಸ್ ಎಂದೇ ಸಣ್ಣ ಪೊಟ್ಟಣಗಳಲ್ಲಿ ಸಿಗುತ್ತದೆ, ಅದನ್ನೇ ಬಳಸಬೇಕು. ಇನ್ನೊಂದು ಸೂಕ್ಷ್ಮ: ಬಹಳಷ್ಟು ಗಾಡಿಗಳಲ್ಲಿ ಎರಡು ಪಿನ್‌ಗಳೂ ಒಂದೇ ಅಲ್ಲ. ಒಂದಕ್ಕೆ ತುದಿಯಲ್ಲಿ ಬುಷ್ ಇರುತ್ತದೆ, ಇನ್ನೊಂದು ನುಣುಪು. ಯಾವುದು ಎಲ್ಲಿತ್ತೋ ಅಲ್ಲಿಗೇ ಮರಳಬೇಕು. ಪಿನ್, ಬೂಟು, ಬುಷ್ ಸೇರಿದ ಕಿಟ್ ತರಿಸಿ, ಎರಡೂ ಬದಿಗೆ.

ಯಂತ್ರಶಾಸ್ತ್ರದ ಮೇಷ್ಟರು, ತುಮಕೂರು

ಡಿಸ್ಕಿನ ದಪ್ಪವನ್ನು ಅಳೆದಿರಾ? ಅದರ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ತುಕ್ಕನ್ನು ಉಜ್ಜಿದರೆ ಕಾಣುತ್ತದೆ. ಅಳೆಯುವಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಿನಂತೆ ಉಳಿದಿರುತ್ತದೆ, ವರ್ನಿಯರಿನ ದವಡೆಗಳು ಆ ಏಣಿನ ಮೇಲೆ ಕುಳಿತು ಹೊಸ ಡಿಸ್ಕಿನ ದಪ್ಪವನ್ನೇ ತೋರಿಸುತ್ತವೆ. ಮೈಕ್ರೋಮೀಟರ್ ಇದ್ದರೆ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಆರೆಂಟು ಕಡೆ ಅಳೆಯಬೇಕು. ಇಲ್ಲದಿದ್ದರೆ ಡಿಸ್ಕಿನ ಎರಡು ಬದಿಗೂ ಒಂದೊಂದು ನಾಣ್ಯವನ್ನು ಒತ್ತಿಹಿಡಿದು ವರ್ನಿಯರಿನಿಂದ ಅಳೆದು, ನಾಣ್ಯಗಳ ದಪ್ಪವನ್ನು ಕಳೆಯಿರಿ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಮೊದಲು ಬರೀ ವರ್ನಿಯರ್ ಹಿಡಿದಾಗ 23.6 ತೋರಿಸಿತು. ನಾಣ್ಯ ಇಟ್ಟು ಅಳೆದಾಗ 21.6. ಡಿಸ್ಕಿನ ಮೇಲೆ ಅಚ್ಚೊತ್ತಿರುವ ಕನಿಷ್ಠ ಅಳತೆ 22. ಗೀರುಗಳ ತಳದವರೆಗೆ ಅಳೆದರೆ ಇನ್ನೂ ಕಡಿಮೆ ಬರುತ್ತದೆ. ಬಲಗಡೆಯದು 23.1 ಇದೆ. ಇಲ್ಲಿನ ಮೆಕ್ಯಾನಿಕ್, ಲೇತಿಗೆ ಹಾಕಿಸಿ ನುಣ್ಣಗೆ ಮಾಡಿಸೋಣ, ಆರುನೂರು ರೂಪಾಯಿಯಲ್ಲಿ ಮುಗಿಯುತ್ತದೆ ಎನ್ನುತ್ತಿದ್ದಾರೆ.

ಯಂತ್ರಶಾಸ್ತ್ರದ ಮೇಷ್ಟರು, ತುಮಕೂರು

ಎಡಗಡೆಯದನ್ನು ಲೇತಿಗೆ ಹಾಕುವ ಪ್ರಶ್ನೆಯೇ ಇಲ್ಲ. ಲೇತ್ ಲೋಹವನ್ನು ಕಳೆಯುತ್ತದೆ, ಸೇರಿಸುವುದಿಲ್ಲ. ಈಗಾಗಲೇ ಕನಿಷ್ಠಕ್ಕಿಂತ ಕೆಳಗಿರುವುದನ್ನು ಇನ್ನಷ್ಟು ತೆಳುಗೊಳಿಸಿದಂತಾಗುತ್ತದೆ. ತೆಳುವಾದ ಡಿಸ್ಕ್ ಕಡಿಮೆ ಶಾಖವನ್ನು ತಾಳುತ್ತದೆ, ಬೇಗ ಬಿರುಕು ಬಿಡುತ್ತದೆ, ಪಿಸ್ಟನ್ ತನ್ನ ಕೊಳವೆಯಿಂದ ಮಿತಿಮೀರಿ ಹೊರಗೆ ಬರುವಂತಾಗುತ್ತದೆ. ನನ್ನ ಸಲಹೆ ಎರಡೂ ಬದಿಗೆ ಹೊಸ ಡಿಸ್ಕ್.

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ಎಡಗಡೆಯದರ ಬಗ್ಗೆ ಮೇಷ್ಟರ ಮಾತಿಗೆ ನನ್ನದೂ ಒಪ್ಪಿಗೆ. ಬಲಗಡೆಯದನ್ನು ಬಿಸಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 23.1 ಇರುವ, ಗೀರಿಲ್ಲದ ಡಿಸ್ಕಿನಲ್ಲಿ ಇನ್ನೂ ಒಂದು ಸೆಟ್ ಪ್ಯಾಡಿನ ಆಯುಷ್ಯ ಇದೆ. ಹೊಸ ಪ್ಯಾಡ್ ಎರಡೂ ಬದಿಗೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಯಂತ್ರಶಾಸ್ತ್ರದ ಮೇಷ್ಟರು, ತುಮಕೂರು

ಆಯುಷ್ಯ ಇದೆ, ನಿಜ. ಆದರೆ ಒಂದು ಬದಿ ಹೊಸ ಮೈ, ಇನ್ನೊಂದು ಬದಿ ಮೆರುಗು ಹತ್ತಿದ ಹಳೆಯ ಮೈ ಇದ್ದಾಗ ಹಿಡಿತದಲ್ಲಿ ವ್ಯತ್ಯಾಸ ಬರುತ್ತದೆ. ಈಗಾಗಲೇ ಒಂದು ಕಡೆ ಎಳೆಯುತ್ತಿದ್ದ ಗಾಡಿಯಿದು. ದುರಸ್ತಿಯ ನಂತರವೂ ಸ್ವಲ್ಪ ಎಳೆದರೆ, ಕಾರಣ ಡಿಸ್ಕೋ ಪಿನ್ನೋ ಎಂದು ಇವರಿಗೆ ತಿಳಿಯದೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಆ ಗೊಂದಲ ಬೇಡವೆಂದೇ ಜೋಡಿಯಾಗಿ ಬದಲಿಸಿ ಎನ್ನುತ್ತಿದ್ದೇನೆ.

ಓದುಗರೊಬ್ಬರು, ಚಿಂತಾಮಣಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದನ್ನೆಲ್ಲ ಓದಿ ನಾನು ನನ್ನ ಎಸ್‌ಯುವಿಯ ಹಿಂದಿನ ಪ್ಯಾಡ್‌ಗಳನ್ನು ಮನೆಯವರ ಸಹಾಯದಿಂದ ನಾನೇ ಬದಲಿಸೋಣವೆಂದು ಹೊರಟಿದ್ದೇನೆ. ನನ್ನದರಲ್ಲಿ ಹಿಂದೆಯೂ ಡಿಸ್ಕ್ ಇದೆ, ಹ್ಯಾಂಡ್‌ಬ್ರೇಕಿಗೆ ಸನ್ನೆಯ ಬದಲು ಗುಂಡಿ ಇದೆ. ಅದೇ ಸಿ ಕ್ಲ್ಯಾಂಪಿನಿಂದ ತಳ್ಳಬಹುದೇ?

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ತಳ್ಳಬೇಡಿ ತಾಯಿ. ಗುಂಡಿಯಿರುವ ಗಾಡಿಗಳಲ್ಲಿ ಹಿಂದಿನ ಕ್ಯಾಲಿಪರಿನ ಬೆನ್ನಿಗೆ ಒಂದು ಸಣ್ಣ ಮೋಟಾರ್ ಇದ್ದು, ಅದು ತಿರುಪಿನ ಮೂಲಕ ಪಿಸ್ಟನ್ನನ್ನು ಹಿಡಿದಿರುತ್ತದೆ. ಸ್ಕ್ಯಾನರ್ ಮೂಲಕ, ಅಥವಾ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ್ದರೆ ಆ ಕ್ರಮದಲ್ಲಿ, ಅದನ್ನು ದುರಸ್ತಿ ಸ್ಥಿತಿಗೆ ತಂದು ಮೋಟಾರನ್ನು ಹಿಂದಕ್ಕೆ ಸರಿಸಿದ ಮೇಲೆಯೇ ಪಿಸ್ಟನ್ ಒಳಹೋಗುತ್ತದೆ. ಬಲವಂತವಾಗಿ ತಳ್ಳಿದರೆ ಆ ತಿರುಪು ಹಾಳಾಗುತ್ತದೆ, ಒಂದು ಪ್ಯಾಡಿನ ಖರ್ಚಿನಲ್ಲಿ ಮುಗಿಯುವ ಕೆಲಸ ಕ್ಯಾಲಿಪರಿನ ಖರ್ಚಿಗೆ ಏರುತ್ತದೆ. ಸನ್ನೆ ಇದ್ದು ಹಿಂದೆ ಡಿಸ್ಕ್ ಇರುವ ಹಲವು ಗಾಡಿಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತಲೇ ಒಳಗೆ ತಳ್ಳಬೇಕು, ಅದಕ್ಕೆ ಬೇರೆ ಉಪಕರಣ ಇದೆ. ಮತ್ತೆ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯಾಗಲಿ ತಲೆಯಾಗಲಿ ಹೋಗಬಾರದು. ಸ್ಟ್ಯಾಂಡ್ ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟು ಆಮೇಲೆ ಕೆಲಸ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಮೇಷ್ಟರ ಸಲಹೆಯಂತೆ ಎರಡೂ ಡಿಸ್ಕ್ ಬದಲಿಸಿದೆ. ಡಿಪೋದವರು ಬೇಸರಿಸಬಾರದು, ಬಲಗಡೆಯ ಹಳೆಯ ಡಿಸ್ಕನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೇನೆ. ಖರ್ಚಿನ ವಿವರ ಬೇರೆಯವರಿಗೂ ಉಪಯೋಗವಾಗಬಹುದು: ಡಿಸ್ಕ್ ಜೋಡಿ 6,400 ರೂಪಾಯಿ, ಎಚ್ಚರಿಕೆಯ ನಾಲಗೆ ಇರುವ ಪ್ಯಾಡ್‌ಗಳು 2,900, ಪಿನ್ ಕಿಟ್‌ಗಳು 900, ಎಣ್ಣೆ ಪೂರ್ತಿ ಬದಲಿಸಿದ್ದೂ ಸೇರಿ ಕೂಲಿ 1,600. ಏಳು ತಿಂಗಳ ಹಿಂದೆ ಪಿನ್ ಬಿಚ್ಚಿ ಸರಿಯಾದ ಗ್ರೀಸ್ ಹಚ್ಚಿದ್ದರೆ ಇದರಲ್ಲಿ ಹೆಚ್ಚಿನ ಪಾಲು ಉಳಿಯುತ್ತಿತ್ತು. ತೆಗೆದ ಎಣ್ಣೆ ಟೀ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು.

ಕೆಲಸ ನಡೆಯುವಾಗ ಪಕ್ಕದಲ್ಲಿಯೇ ನಿಂತಿದ್ದೆ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿರುವ ಎಣ್ಣೆಯನ್ನು ಒರೆಸದೆಯೇ ಹಾಕಲು ಹೊರಟಿದ್ದ ಹುಡುಗನನ್ನು ತಡೆದು ಬ್ರೇಕ್ ಕ್ಲೀನರಿನಿಂದ ತೊಳೆಸಿದೆ. ಡಿಸ್ಕ್ ಕೂರುವ ಹಬ್ಬಿನ ಮೈಯಲ್ಲಿದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿದೆ, ಇಲ್ಲದಿದ್ದರೆ ಡಿಸ್ಕ್ ಓರೆಯಾಗಿ ತಿರುಗಿ ಪೆಡಲ್ ನಡುಗುತ್ತದೆಯೆಂದು ಓದಿದ್ದೆ. ಗಾಳಿ ಹೊಡೆದು ಧೂಳು ಹಾರಿಸುವುದನ್ನು ಮಾತ್ರ ತಡೆಯುವಷ್ಟರಲ್ಲಿ ತಡವಾಗಿತ್ತು. ನಾವಿಬ್ಬರೂ ಅರ್ಧ ಗಂಟೆ ಕೆಮ್ಮಿದೆವು.

ಈಗ ಕರಕರ ಇಲ್ಲ, ಎಳೆತ ಇಲ್ಲ. ಆದರೆ ಬ್ರೇಕ್ ಒತ್ತಿದಾಗ ಸಣ್ಣಗೆ ಹುಶ್ ಎಂಬ ಸದ್ದಿದೆ, ಹಿಡಿತವೂ ಸ್ವಲ್ಪ ಕಡಿಮೆ ಎನಿಸುತ್ತದೆ. ಇನ್ನೊಂದು, ಬೆಳಿಗ್ಗೆ ಹೊರಟ ಕೂಡಲೇ ಒಂದೇ ಒಂದು ಸಲ ಗರ್ ಎಂದು ಕೇಳಿಸುತ್ತದೆ. ಇದು ಮೊದಲೂ ಇತ್ತೋ ಏನೋ, ಈಗ ಕಿವಿ ಚುರುಕಾಗಿದೆ.

ಯಂತ್ರಶಾಸ್ತ್ರದ ಮೇಷ್ಟರು, ತುಮಕೂರು

ಬೆಳಗಿನ ಗರ್ ಸದ್ದು ಎಬಿಎಸ್‌ನದು, ಎಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆಯದು. ಗಾಡಿ ಚಲಿಸತೊಡಗಿದ ಕೂಡಲೇ ಅದು ತನ್ನ ಪಂಪನ್ನೂ ಕವಾಟಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುತ್ತದೆ. ಜಲ್ಲಿಯ ಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಮಿಡಿಯುತ್ತ ಸದ್ದು ಮಾಡುವುದೂ ಅದರದೇ ಕೆಲಸ, ಅದಕ್ಕೆ ಹೆದರಿ ಕಾಲು ತೆಗೆಯಬಾರದು.

ಹುಶ್ ಸದ್ದು ಮತ್ತು ಕಡಿಮೆ ಹಿಡಿತಕ್ಕೆ ಕಾರಣ ಪ್ಯಾಡ್ ಮತ್ತು ಡಿಸ್ಕ್ ಇನ್ನೂ ಹೊಂದಿಕೊಂಡಿಲ್ಲ. ಹಿಂದೆ ಗಾಡಿಯಿಲ್ಲದ ಹೊತ್ತಿನಲ್ಲಿ 60 ಕಿ.ಮೀ. ವೇಗದಿಂದ 20ರವರೆಗೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಪಡೆಯಿರಿ. ಹೀಗೆ ಎಂಟು ಹತ್ತು ಸಲ ಮಾಡಿ, ನಂತರ ಐದಾರು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಡಿ. ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿಹಿಡಿದು ನಿಂತರೆ ಪ್ಯಾಡಿನ ಪದಾರ್ಥ ಆ ಒಂದು ಜಾಗದಲ್ಲಿ ಮೆತ್ತಿಕೊಳ್ಳುತ್ತದೆ. ಆ ದಿನವೇ ನೀರು ಹೊಡೆಸಬೇಡಿ.

ನಂದಿ ದಾರಿಯ ಟ್ಯಾಕ್ಸಿ ಚಾಲಕ, ಚಿಕ್ಕಬಳ್ಳಾಪುರ

ಇದನ್ನು ಮಾಡಲು ಬೆಳಗಿನ ಐದೂವರೆಗೆ ಸರ್ವೀಸ್ ರಸ್ತೆ ಸರಿಯಾದ ಜಾಗ, ಹಾಲಿನ ಗಾಡಿಗಳನ್ನು ನೋಡಿಕೊಳ್ಳಿ. ಮುಗಿದ ಮೇಲೆ ಎರಡೂ ಚಕ್ರಗಳ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಎರಡೂ ಕಡೆ ಒಂದೇ ಬಗೆಯ ಕಾವು ಬಂದರೆ ಕೆಲಸ ಸರಿಯಾಗಿದೆ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ಕಾವನ್ನು ಅಳೆಯಲು 2020ರಲ್ಲಿ ಕೊಂಡಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರ್ ತೆಗೆದುಕೊಂಡು ಹೋದೆ. ಜ್ವರದ ಅಳತೆಗಿಂತ ಮೇಲೆ ಅದು ತೋರಿಸುವುದೇ ಇಲ್ಲವೆಂದು ಅಲ್ಲಿ ತಿಳಿಯಿತು. ಗೆಳೆಯರೊಬ್ಬರ ಕೈಗಾರಿಕಾ ಥರ್ಮಾಮೀಟರ್ ತಂದು ಮರುದಿನ ಅಳೆದಾಗ ಎಡ ಡಿಸ್ಕ್ 118, ಬಲ ಡಿಸ್ಕ್ 114 ಡಿಗ್ರಿ ಇದ್ದವು. ಹುಶ್ ಸದ್ದು ಬಹುಮಟ್ಟಿಗೆ ಹೋಗಿದೆ, ಪೆಡಲ್ ಗಟ್ಟಿಯಾಗಿದೆ.

ಹಳೆಯ ಡಿಪೋ ಮೆಕ್ಯಾನಿಕ್, ಕೋಲಾರ

ನಾಲ್ಕು ಡಿಗ್ರಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಐದು ಸಾವಿರ ಕಿಲೋಮೀಟರ್ ಆದ ಮೇಲೆ ಚಕ್ರ ಬಿಚ್ಚಿಸಿ ನಾಲ್ಕೂ ಪ್ಯಾಡ್‌ಗಳನ್ನು ಅಳೆದು ಇಲ್ಲಿಯೇ ಬರೆಯಿರಿ. ಪಿನ್ ಸರಿದಾಡುತ್ತಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ. ನನ್ನ ಮಾತೂ ಅಲ್ಲ, ಗ್ಯಾರೇಜಿನವರ ಮಾತೂ ಅಲ್ಲ.

ದ್ರಾಕ್ಷಿ ತೋಟದವರು, ಚಿಕ್ಕಬಳ್ಳಾಪುರ

ನಾಲ್ಕು ತಿಂಗಳ ನಂತರ, 5,300 ಕಿಲೋಮೀಟರ್ ಓಡಿದ ಮೇಲೆ ಅಳೆದದ್ದು: ಎಡ ಒಳಗಿನದು 9.4, ಎಡ ಹೊರಗಿನದು 9.5, ಬಲ ಒಳಗಿನದು 9.4, ಬಲ ಹೊರಗಿನದು 9.6 ಮಿ.ಮೀ. ಕೆಳಗಿನ ಪಿನ್ ಬೆರಳಿಗೆ ಸರಿಯುತ್ತದೆ. ಇದರಲ್ಲಿ ಎರಡು ಸಲ ನಂದಿಬೆಟ್ಟವೂ ಸೇರಿದೆ, ಇಳಿದದ್ದು ಎರಡನೆಯ ಗೇರಿನಲ್ಲಿ.